ಆನಂದಪುರದ ದಾರಿಯಲ್ಲಿ, ಪಕ್ಕದ ಬೆಂಚಿನಲ್ಲಿ ಕುಳಿತಿದ್ದವರಿಗೆ

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಪರದೇಶದಿಂದ ಬಂದ ಮಿಷನರಿ ಕುಟುಂಬ ಕೊಡಗಿನ ಸಿದ್ದಾಪುರದ ಕಡೆಯ ನಮ್ಮ ಕ್ರೈಸ್ತ ಸಭೆಯಲ್ಲಿ ಮೊದಲ ಬಾರಿ ಆರಾಧನೆಗೆ ಕುಳಿತಾಗ ನೀವು ಪಕ್ಕದಲ್ಲಿ ಕುಳಿತು ಅನುವಾದಿಸಿ ನೆರವಾದದ್ದಕ್ಕೆ ಸಭೆಯವರೆಲ್ಲರ ವಂದನೆ.

ಹಾಡಿನಿಂದ ಶುರುಮಾಡಿದ್ದೇ ಜಾಣತನ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಕಾಲದ ಅನೇಕ ಕನ್ನಡ ಗೀತೆಗಳಿಗೆ ಜರ್ಮನ್ ರಾಗಗಳೇ ಇವೆ. ರಾಗ ಗೊತ್ತಿದ್ದರೆ ಹೊಸಬರಿಗೆ ಕಷ್ಟ ಪದಗಳದ್ದು ಮಾತ್ರ. ನೀವು ಪದಗಳನ್ನು ಅವರ ಲಿಪಿಯಲ್ಲಿ ದೊಡ್ಡದಾಗಿ ಬರೆದು, ದೀರ್ಘಕ್ಕೆ ಅಕ್ಷರ ಎರಡು ಸಲ, ಳಕಾರದ ಕೆಳಗೆ ಚುಕ್ಕೆ ಇಟ್ಟಿರಿ. ದೀರ್ಘ ತಪ್ಪಿದರೆ ಪದ ರಾಗಕ್ಕೆ ಕೂರುವುದಿಲ್ಲ.

ಪ್ರಸಂಗದ, ಅಂದರೆ ಪಾದ್ರಿಗಳ ಉಪದೇಶದ, ಅನುವಾದ ಇನ್ನೂ ಕಷ್ಟ. ಪಾದ್ರಿಗಳು ಮೂರು ವಾಕ್ಯ ಒಟ್ಟಿಗೆ ಹೇಳಿದರೆ ಮೊದಲನೆಯದು ಮರೆತೇಹೋಗುತ್ತದೆ. ಒಂದು ವಾಕ್ಯ, ಒಂದು ನಿಲುಗಡೆ ಎಂದು ಮೊದಲೇ ಒಪ್ಪಿಸಿದಿರಿ. ಹಾಗೆ ಮಾಡಿದರೆ ಇಪ್ಪತ್ತು ನಿಮಿಷದ ಪ್ರಸಂಗ ನಲವತ್ತಾಗುತ್ತದೆ, ಆದ್ದರಿಂದ ಅರ್ಧಕ್ಕೆ ಇಳಿಸಬೇಕು. ವಚನಗಳನ್ನು ಬಾಯಲ್ಲೇ ಅನುವಾದಿಸದೆ, ಅಧ್ಯಾಯ ತೋರಿಸಿ ಅವರ ಬೈಬಲಿನಲ್ಲೇ ಓದಿಸಿದ್ದೂ ಸರಿ. ಕರ್ತನ ಪ್ರಾರ್ಥನೆಗೆ ಅನುವಾದವೇ ಬೇಡ, ಅವರವರ ಭಾಷೆಯಲ್ಲಿ ಒಟ್ಟಿಗೆ ಹೇಳಿದರಾಯಿತು.

ಜುಲೈ ಮಳೆ ಶೀಟಿನ ಮೇಲೆ ಬಿದ್ದರೆ ಮೈಕೂ ಸೋಲುತ್ತದೆ. ಅದಕ್ಕೇ ಮುಂದಿನ ಸಾಲು ಬಿಟ್ಟು ಗೋಡೆ ಪಕ್ಕ ಕೂರಿಸಿ, ಕಿವಿಯ ಹತ್ತಿರ ಹೇಳಿದಿರಿ. ಹೊರಗೆ ಬಿಟ್ಟ ಚಪ್ಪಲಿಗೆ ಜಿಗಣೆ ಹತ್ತುತ್ತದೆ ಎಂದು ಉಪ್ಪಿನ ಪೊಟ್ಟಣವನ್ನೂ ತಂದಿದ್ದಿರಿ (ಇದು ನಮಗೇ ಹೊಳೆದಿರಲಿಲ್ಲ!).

1836ರಲ್ಲಿ ಮಂಗಳೂರಿಗೆ ಬಂದು, ಮುಂದೆ ಕೊಡಗಿನಲ್ಲಿ ಆನಂದಪುರ ಕಟ್ಟಿದ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿ ಮೊಗ್ಲಿಂಗರಿಗೂ ಪಕ್ಕದಲ್ಲಿ ಇಂಥವರು ಬೇಕಾಗಿದ್ದಿರಬೇಕು. ಆ ಹಾಡಿನ ಹಾಳೆಗಳನ್ನು ಸಭೆಯ ಕಪಾಟಿನಲ್ಲೇ ಇಟ್ಟಿದ್ದೇವೆ.