ಪಟ್ಟಿ ಓದದೆ 'ವೈ' ಒತ್ತಬೇಡಿ

ಮಾನ್ಯ ಸಂಪಾದಕರೇ,

ತೋಟದ ಮನೆ, ಶಾಲೆ, ಅಂಗಡಿಗಳಲ್ಲಿ ಉಬುಂಟು (ವಿಂಡೋಸ್‌ನಂತೆ ಕಂಪ್ಯೂಟರ್ ನಡೆಸುವ, ಲಿನಕ್ಸ್ ಆಧಾರಿತ ವ್ಯವಸ್ಥೆ) ಬಳಸುವ ಓದುಗರಿಗಾಗಿ ಈ ಪತ್ರ.

ಮಾದಾಪುರದ ಬಳಿ ನಮ್ಮ ಕಾಫಿ ತೋಟದಲ್ಲಿ ಮಳೆ ಮಾಪಕವನ್ನು ಹಳೆಯ ಕಂಪ್ಯೂಟರಿಗೆ ಜೋಡಿಸಿದ್ದೇವೆ. ಲೆಕ್ಕ ಇಡುವುದು ಮಗಳು ಪೈಥಾನ್‌ನಲ್ಲಿ ಬರೆದ ಸಣ್ಣ ಪ್ರೋಗ್ರಾಂ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ರಿಪೇರಿಗೆ ಬಂದವರು ಜಾಗ ಖಾಲಿ ಮಾಡಲು 'ಆಪ್ಟ್ ಆಟೋರಿಮೂವ್' ಆದೇಶ ಕೊಟ್ಟು, ಪಟ್ಟಿ ನೋಡದೆ ಸುಮ್ನೆ 'ವೈ' (ಹೌದು) ಒತ್ತಿದರು. ಆಪ್ಟ್ ಅಂದರೆ ಉಬುಂಟುವಿನಲ್ಲಿ ಸಾಫ್ಟ್‌ವೇರ್ ಹಾಕುವ, ತೆಗೆಯುವ ಸಾಧನ; ಈ ಆದೇಶ ಕೊಟ್ಟರೆ ಅದು ಬೇಡವೆಂದು ಕಂಡವನ್ನು ಪಟ್ಟಿ ಮಾಡಿ, ಒಪ್ಪಿಗೆ ಕೇಳಿ ತೆಗೆಯುತ್ತದೆ. ಮಾಪಕದ ತಂತಿ ಜೋಡಿಸುವ ಸೀರಿಯಲ್ ಪೋರ್ಟ್ ಓದಲು ಮಗಳ ಪ್ರೋಗ್ರಾಂ ಬಳಸುತ್ತಿದ್ದ ಲೈಬ್ರರಿ (ಸಿದ್ಧ ಕೋಡ್) ಹೋಯಿತು. ಮಳೆ ಲೆಕ್ಕ ನಿಂತಿತು. ಗಾಳಿಗೆ ಮರ ಬಿದ್ದು ನೆಟ್ ಇರಲಿಲ್ಲ, ಮತ್ತೆ ಹಾಕಿಕೊಳ್ಳಲೂ ಆಗಲಿಲ್ಲ. ಜೋರು ಮಳೆಯ ದಿನಗಳ ಲೆಕ್ಕವೇ ನಮ್ಮಲ್ಲಿಲ್ಲ. ತುಂಬಾ ಬೇಜಾರಾಯಿತು.

ಬೇರೆ ಪ್ಯಾಕೇಜ್ (ಸಾಫ್ಟ್‌ವೇರ್ ಕಟ್ಟು) ಜೊತೆ ತಾನಾಗಿ ಬಂದದ್ದಕ್ಕೆ ಆಪ್ಟ್ ಒಂದು ಗುರುತು ಹಾಕಿಡುತ್ತದೆ. ಕರೆತಂದ ಪ್ಯಾಕೇಜ್ ಹೋದ ಮೇಲೆ, ಬೇರೆ ಯಾವ ಪ್ಯಾಕೇಜೂ ಕೇಳದಿದ್ದರೆ, ಅದನ್ನು ಬೇಡದ ಪಟ್ಟಿಗೆ ಸೇರಿಸುತ್ತದೆ. ನಾವೇ ಬರೆದ ಪ್ರೋಗ್ರಾಂ ಅದೇ ಲೈಬ್ರರಿಯನ್ನು ನಂಬಿಕೊಂಡಿದ್ದರೆ ಆಪ್ಟ್‌ಗೆ ಹೇಗೆ ಗೊತ್ತಾಗಬೇಕು, ಅಲ್ವಾ? ಆದರೂ ಅದು ನಮ್ಮ ಆದೇಶಕ್ಕೆ ಕಾಯುತ್ತದೆ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಆಪ್ಟ್‌ನ ಕೆಲಸ ಮಾಡುವ ಡಿಎನ್‌ಎಫ್‌ನಲ್ಲಿ ಒಂದು ಪ್ಯಾಕೇಜ್ ತೆಗೆದರೆ ಹೀಗೆ ಒಂಟಿಯಾದವೂ ಜೊತೆಗೇ ಹೋಗುತ್ತವೆ. ಬದಲಾಯಿಸದಿದ್ದರೆ ಸೆಟ್ಟಿಂಗ್ ಇರುವುದೇ ಹಾಗೆ. ನನಗೆ ಇದು ಸರಿ ಕಾಣುವುದಿಲ್ಲ.

ಉಳಿಯಬೇಕಾದ ಪ್ಯಾಕೇಜ್‌ಗೆ 'ಆಪ್ಟ್-ಮಾರ್ಕ್ ಮ್ಯಾನ್ಯುಯಲ್' ಕೊಟ್ಟರೆ ಆಟೋರಿಮೂವ್ ಅದನ್ನು ಮುಟ್ಟುವುದಿಲ್ಲ. ರಿಪೇರಿ ಮಾಡುವವರು ಮೊದಲು 'ಡ್ರೈ ರನ್' (ನಿಜವಾಗಿ ಏನೂ ತೆಗೆಯದ ಪರೀಕ್ಷೆ) ಮಾಡಿ, ಏನೇನು ಹೋಗುತ್ತದೆ ಎಂದು ಮನೆಯವರಿಗೆ ತೋರಿಸಿ ಕೇಳಲಿ.

– ಒಬ್ಬ ಕಾಫಿ ಬೆಳೆಗಾರ, ಮಾದಾಪುರ, ಕೊಡಗು