ಎತ್ತುಗಳ ಮೇಲೆ ಗೂಬೆ ಕೂರಿಸಬೇಡಿ

ಮಾನ್ಯ ಸಂಪಾದಕರೇ,

ಕೃಷಿ ಬದುಕಿನ ಸಂಗ್ರಹಾಲಯಕ್ಕೆ ಹೋದ ಮಕ್ಕಳು ಉಳುಮೆ ನೋಡದೆ ವಾಪಸಾದ ಸುದ್ದಿ ನಿನ್ನೆಯ ಸಂಚಿಕೆಯಲ್ಲಿದೆ. ‘ಎತ್ತುಗಳು ಹಠ ಹಿಡಿದಿದ್ದರಿಂದ ಪ್ರಾತ್ಯಕ್ಷಿಕೆ ರದ್ದಾಯಿತು’ ಎಂಬ ಅಧಿಕಾರಿಗಳ ಹೇಳಿಕೆ ಓದಿ ಮೈ ಉರಿಯಿತು. ಒಂಬತ್ತೂವರೆಯ ಉಳುಮೆಯನ್ನು ನಾಮಫಲಕದ ಅನಾವರಣಕ್ಕಾಗಿ ಹನ್ನೆರಡಕ್ಕೆ ದೂಡಿದವರು ಯಾರು? ಎಂಟಕ್ಕೇ ನೊಗಕ್ಕೆ ಕಟ್ಟಿದ ಜೋಡಿ ನಡುಹಗಲ ಬಿಸಿಲಲ್ಲಿ ಹೆಜ್ಜೆ ಕಿತ್ತಿಡದಿದ್ದರೆ ಅದು ಹಠವಲ್ಲ, ದಣಿವು.

ನೆಲವೂ ಹದದಲ್ಲಿರಲಿಲ್ಲ. ಒಂದು ಹಿಡಿ ಮಣ್ಣು ಹಿಸುಕಿದರೆ ಉಂಡೆ ಕಟ್ಟಬೇಕು, ಬೆರಳಿಂದ ಒತ್ತಿದರೆ ಉದುರಬೇಕು. ಒಂದೆರಡು ದಿನ ಮೊದಲೇ ನೀರುಣಿಸಿ ಆ ಹದಕ್ಕೆ ತರಬೇಕಿದ್ದ ಉಳುಮೆಯ ಪಟ್ಟಿ ಒಣಗಿ ಕಲ್ಲಾಗಿತ್ತು. ಅಂಥ ನೆಲದಲ್ಲಿ ನೇಗಿಲಿನ ಗುಳ ಒಳಗಿಳಿಯದೆ ಮೇಲೆ ಜಾರುತ್ತದೆ; ಮೇಳಿ ಹಿಡಿದವನ ತೋಳೂ ಎತ್ತಿನ ಹೆಗಲೂ ಸೋಲುತ್ತವೆ.

ಒಕ್ಕಣೆಯದೂ ಇದೇ ಪಾಡು. ತೆನೆಯನ್ನು ಕಣದಲ್ಲಿ ಹರಡಿ ಎರಡು ಮೂರು ತಾಸು ಬಿಸಿಲು ಕಾಯಿಸಿದರೆ ಮಾತ್ರ ಕಾಳು ಸಲೀಸಾಗಿ ಬಿಡುತ್ತದೆ. ತೇವ ಹೀರಿದ ಸಿವುಡುಗಳನ್ನು ಮಾಡಿನ ಕೆಳಗಿಂದ ಹಾಗೇ ತಂದು ಸುರಿದಿದ್ದರು. ತೂರುವಾಗ ಮಕ್ಕಳನ್ನು ಗಾಳಿ ಬರುವ ಬದಿಗೆ ನಿಲ್ಲಿಸಬೇಕೆಂಬ ತಿಳಿವಳಿಕೆಯೂ ಯಾರಿಗೂ ಇರಲಿಲ್ಲ. ಹೊಟ್ಟೆಲ್ಲ ಕಣ್ಣಿಗೆ ಬಿದ್ದು ಚಿಕ್ಕ ತರಗತಿಯವರು ಅಳುತ್ತ ಕೂತರು.

ನೂರ ಅರವತ್ತು ಮಕ್ಕಳಿಗೆ ವಿವರಿಸಲು ಇದ್ದವರು ಇಬ್ಬರು. ಹದಿನೈದು ಮಕ್ಕಳ ಗುಂಪು, ಒಂದೊಂದು ಕೆಲಸದ ಮುಂದೆ ಇಪ್ಪತ್ತೈದು ನಿಮಿಷ, ಗುಂಪಿಗೊಬ್ಬ ದೊಡ್ಡವರು: ಹೀಗಾದರೆ ಅರವತ್ತು ಮಕ್ಕಳು ನಾಲ್ಕು ಕೆಲಸಗಳನ್ನು ಎರಡು ತಾಸಿನಲ್ಲಿ ಕೈಯಾರೆ ಮಾಡಿ ನೋಡಬಹುದು. ಅದಕ್ಕಿಂತ ಹೆಚ್ಚಿದ್ದರೆ ಬೇರೆ ದಿನ ಕೊಡಬೇಕು. ಬೀಸುಕಲ್ಲಿನ ಮುಂದೆ ಒಮ್ಮೆಗೆ ಇಬ್ಬರೇ ಎದುರುಬದುರು ಕೂರಲು ಸಾಧ್ಯ, ಬಾಯಿಗೆ ಒಂದೊಂದೇ ಹಿಡಿ ಕಾಳು ಹಾಕಬೇಕು. ನಲವತ್ತು ಜನ ಮುಗಿಬಿದ್ದು ಬೊಗಸೆಗಟ್ಟಲೆ ಸುರಿದರೆ ನುಚ್ಚಷ್ಟೇ ಬರುತ್ತದೆ. ಮುಂಜಾನೆಯೇ ಹಾಲು ಕರೆದು ಮುಗಿಸಿದ ಹಸುವಿನ ಕೆಳಗೆ ಹನ್ನೆರಡೂವರೆಗೆ ಮಕ್ಕಳನ್ನು ಕೂರಿಸಿದ್ದಂತೂ ಅಪಾಯ. ಬರಿಗೆಚ್ಚಲು ಎಳೆದರೆ ಯಾವ ಹಸುವಾದರೂ ಒದೆಯಬಹುದು.

ಎಲ್ಲಕ್ಕಿಂತ ಸಿಟ್ಟು ತರಿಸಿದ್ದು ಕೈತೊಳೆಯಲು ನಲ್ಲಿಯೇ ಇಲ್ಲದ್ದು. ಕೊಟ್ಟಿಗೆಯಿಂದ ಬಂದ ಮಕ್ಕಳಿಗೆ ಸ್ಯಾನಿಟೈಸರ್ ಹನಿಸಿ, ಅಲ್ಲೇ ಪಕ್ಕದಲ್ಲಿ ಬುತ್ತಿ ಬಿಚ್ಚಲು ಹೇಳಿದರು. ಸಗಣಿ ಮೆತ್ತಿದ ಕೈಗೆ ಸ್ಯಾನಿಟೈಸರ್ ಸಾಲದು. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ, ಕನಿಷ್ಠ ಇಪ್ಪತ್ತು ಸೆಕೆಂಡು ಉಜ್ಜಿ ತೊಳೆಯಬೇಕು. ದನದ ಸಗಣಿಯಲ್ಲಿ ಇ. ಕೋಲಿ ಒ157 ಎಂಬ ರೋಗಾಣು ಇರಬಹುದು. ಚಿಕ್ಕ ಮಕ್ಕಳಲ್ಲಿ ಅದು ಮೂತ್ರಪಿಂಡಕ್ಕೇ ಕುತ್ತು ತರಬಲ್ಲದು. ಊಟದ ಜಾಗ ಕೊಟ್ಟಿಗೆಯಿಂದ ದೂರ ಇರಬೇಕು, ನಡುವೆ ನಲ್ಲಿಗಳ ಸಾಲು ಇರಬೇಕು. ಇದನ್ನು ಹಿಂದಿನ ಅಧಿಕಾರಿಗೂ ಬರೆದುಕೊಡಲಾಗಿತ್ತು, ಅವರ ಹಿಂದಿನವರಿಗೂ ಬರೆದುಕೊಡಲಾಗಿತ್ತು. ಕಡತ ಎಲ್ಲಿದೆಯೋ! ಬೀಜ ಬಿತ್ತುವ ಕೂರಿಗೆಯ ಬಿದಿರು ಕೊಳವೆಗಳಿಗೆ ಗೆದ್ದಲು ಹಿಡಿದಿದೆ ಎಂದಾಗಲೂ ಹೀಗೇ ಆಯಿತು. ಕೊಳವೆ ಬದಲಿಸಲಿಲ್ಲ, ಕೂರಿಗೆಯನ್ನು ಕೋಣೆಗೆ ಹಾಕಿ ಬೀಗ ಜಡಿದರು. ಶೌಚಾಲಯದ ಬಾಗಿಲು ಮುರಿದು ಎಷ್ಟು ಕಾಲವಾಯಿತು? ದನ ನೋಡಿಕೊಳ್ಳುವವರ ಹುದ್ದೆ ಖಾಲಿ ಇರುವುದು ಯಾರಿಗೂ ಕಾಣುವುದಿಲ್ಲವೇ?

1891ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ಕ್ಯಾನ್ಸೆನ್ ಬಯಲು ಸಂಗ್ರಹಾಲಯ ತೆರೆದ ಆರ್ಟುರ್ ಹಜೇಲಿಯಸ್ ಹಳೆಯ ಮನೆಗಳನ್ನು ತಂದು ನಿಲ್ಲಿಸಿದ್ದಷ್ಟೇ ಅಲ್ಲ, ಅವುಗಳ ನಡುವೆ ಜನರನ್ನೂ ದನಕರುಗಳನ್ನೂ ಇಟ್ಟರು. ಕೆಲಸ ನಡೆಯುತ್ತಿದ್ದರೇ ಅದು ಜೀವಂತ ಸಂಗ್ರಹಾಲಯ. ನಮ್ಮವರಿಗೆ ಬೇಕಿರುವುದು ಫಲಕ ಮತ್ತು ಫೋಟೊ.

ಬಸ್ಸುಗಳು ಶಾಲೆ ಮುಟ್ಟಿದಾಗ ಕತ್ತಲಾಗಿತ್ತು. ಗೇಟಿನಲ್ಲಿ ಕಾದು ನಿಂತಿದ್ದ ತಾಯ್ತಂದೆಯರಿಗೆ ಉತ್ತರ ಕೊಡಬೇಕಾದವರು ಮಾತ್ರ ಮಧ್ಯಾಹ್ನವೇ ಕಾರು ಹತ್ತಿ ಹೋಗಿದ್ದರು. ಆ ಮಕ್ಕಳನ್ನು ಮತ್ತೊಮ್ಮೆ ಕರೆಸಿ ಉಳುಮೆ ತೋರಿಸಲಿ, ಇಲ್ಲವೇ ಸಂಗ್ರಹಾಲಯವನ್ನು ಕೆಲಸ ಬಲ್ಲವರ ಕೈಗೆ ಒಪ್ಪಿಸಲಿ. ಅದಕ್ಕೂ ಮೊದಲು ನಲ್ಲಿ ಹಾಕಿಸಲಿ, ಮೇಲಿನವರು ಬಂದು ಒಮ್ಮೆ ಕಣ್ಣಾರೆ ನೋಡಲಿ. ಬಾಯಿಲ್ಲದ ಎತ್ತುಗಳ ಮೇಲೆ ತಪ್ಪು ಹೊರಿಸಲು ಇವರಿಗೆ ನಾಚಿಕೆಯಾಗಬೇಕು.

– ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ದ ಶಿಕ್ಷಕರು