ಎಲ್ಲರೂ ತಿರುಗಿ ನೋಡಿದರೆ

ಪ್ರೀತಿಯ ಪುಟ್ಟಿ,

ಮನೆ ಸುದ್ದಿಯೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಕಾಗದದ ಒಂದೇ ಸಾಲು ಎದೆಯಲ್ಲಿ ಕೂತುಬಿಟ್ಟಿದೆ. ಬಾಗ್ದಾದಿನ ಪಾಠ ಶುರುಮಾಡಿದ ಕೂಡಲೇ ಇಡೀ ಕ್ಲಾಸು ಅಲ್ಲಿರುವ ಒಬ್ಬ ಮುಸ್ಲಿಂ ಹುಡುಗಿಯನ್ನೇ ತಿರುಗಿ ನೋಡಿದರೆ ಏನು ಮಾಡಲಿ ಅತ್ತೆ ಅಂತ ಕೇಳಿದ್ದೀಯಲ್ಲ, ಅದು.

ಆ ನೋಟ ನನಗೆ ಗೊತ್ತು. ಏಳನೇ ತರಗತಿಗೆ 1565ರ ತಾಳಿಕೋಟೆ ಯುದ್ಧ ಹೇಳುತ್ತಿದ್ದೆ. ಹಂಪಿ ಹಾಳಾದ ಮಾತು ಬಂದಾಗ ನನ್ನ ದನಿ ಏರಿತ್ತು. ಮಕ್ಕಳು ಒಬ್ಬೊಬ್ಬರಾಗಿ ಕೊನೇ ಬೆಂಚಿನ ಕಡೆ ತಿರುಗಿದರು. ಅಲ್ಲಿದ್ದ ಹುಡುಗ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ತಲೆ ಎತ್ತಲೇ ಇಲ್ಲ. ವಿಜಯನಗರದ ಸೈನ್ಯದಲ್ಲೂ ಮುಸ್ಲಿಂ ಸೈನಿಕರಿದ್ದರು ಅನ್ನುವುದು ನನಗೆ ಗೊತ್ತಿತ್ತು ಪುಟ್ಟಿ. ಹೇಳಲಿಲ್ಲ. ಗಂಟೆ ಹೊಡೆಯಿತು, ಪುಸ್ತಕ ಮುಚ್ಚಿದೆ.

ಇಂಗ್ಲೆಂಡಿನ ಪಠ್ಯಕ್ರಮದಲ್ಲಿ ಹಳೇ ಇಸ್ಲಾಮಿಕ್ ನಾಗರಿಕತೆಯ ಬಾಗ್ದಾದ್, ಮಧ್ಯ ಅಮೆರಿಕದ ಮಾಯಾ, ಪಶ್ಚಿಮ ಆಫ್ರಿಕದ ಬೆನಿನ್ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬಹುದು, ಸುಮ್ನೆ ಮಾಯಾ ತಗೊಂಡುಬಿಡಲಾ ಅಂತಲೂ ಬರೆದಿದ್ದೀಯ. ಬೇಡ ಅನ್ನಿಸುತ್ತದೆ. ಹೆದರಿ ಬಿಟ್ಟ ಪಾಠ ಆಮೇಲೆ ಜಾಸ್ತಿ ಕಾಡುತ್ತದೆ.

ಬಾಗ್ದಾದ್ ಊರಿನಿಂದಲೇ ಶುರುಮಾಡಿ ನೋಡು. 762ರಲ್ಲಿ ಖಲೀಫ ಅಲ್-ಮನ್ಸೂರ್ ಟೈಗ್ರಿಸ್ ನದಿಯ ದಡದಲ್ಲಿ ದುಂಡಗಿನ ಊರು ಕಟ್ಟಿಸಲು ಹೊರಟ. ಕಟ್ಟುವ ಮೊದಲೇ ಅದರ ಆಕಾರ ಕಣ್ಣಾರೆ ನೋಡಬೇಕು ಅಂತ, ನೆಲದ ಗೆರೆಯುದ್ದಕ್ಕೂ ನಾಫ್ತಾ ಎಣ್ಣೆ ಹಾಕಿದ ಹತ್ತಿಬೀಜ ಇಡಿಸಿ ಬೆಂಕಿ ಹಚ್ಚಿಸಿದನಂತೆ. ಊರಿಗೆ ಊರೇ ಬೆಂಕಿಯ ಬಳೆಯ ಹಾಗೆ ಕಂಡಿರಬೇಕು! ನೀನು ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಸೀಮೆಸುಣ್ಣದಲ್ಲಿ ದೊಡ್ಡ ವೃತ್ತ ಎಳೆಸು. ಆ ಊರಿಗಿದ್ದ ನಾಲ್ಕು ಬಾಗಿಲು ಹೆಸರು ಸಮೇತ ಬರೆಸು: ಕೂಫಾ, ಬಸ್ರಾ, ಖುರಾಸಾನ್, ಸಿರಿಯಾ. ಆಗ ಎಲ್ಲರ ಕಣ್ಣೂ ನೆಲದ ಮೇಲಿರುತ್ತದೆ, ಅಲ್ವಾ?

ಆಮೇಲೆ ಲೆಕ್ಕ. ನಮ್ಮ ಕಡೆಯ ಅಂಕಿಗಳು ಸೊನ್ನೆ ಸಮೇತ ಬಾಗ್ದಾದಿಗೆ ಹೋದವು. ಅಲ್ಲಿನ ಗಣಿತಜ್ಞ ಅಲ್-ಖ್ವಾರಿಜ್ಮಿ ಅವುಗಳ ಮೇಲೆ ಪುಸ್ತಕ ಬರೆದ, ಅದು ಮುಂದೆ ಯುರೋಪಿಗೂ ಹೋಯಿತು. ಲೆಕ್ಕವನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸುವ ಕ್ರಮಕ್ಕೆ ಹೇಳುವ ಅಲ್ಗಾರಿದಂ ಅನ್ನುವ ಮಾತೇ ಅವನ ಹೆಸರಿನಿಂದ ಬಂದದ್ದು. ರೋಮನ್ ಅಂಕಿಯಲ್ಲಿ ಒಂದು ಗುಣಾಕಾರ ಕೊಡು, ಒದ್ದಾಡಲಿ. ಆಮೇಲೆ ಅದನ್ನೇ ಈ ಅಂಕಿಗಳಲ್ಲಿ ಮಾಡಲಿ. ಹಾಗೆಯೇ ಗ್ರೀಕರ ವೈದ್ಯಗ್ರಂಥಗಳನ್ನು ಅರಬ್ಬಿಗೆ ತಂದ ಹುನೈನ್ ಇಬ್ನ್ ಇಸ್ಹಾಕ್ ಕ್ರೈಸ್ತ ಅನ್ನುವುದನ್ನೂ ಹೇಳು. ಆ ಊರನ್ನು ಬೆಳೆಸಿದವರಲ್ಲಿ ಎಲ್ಲ ತರಹದವರೂ ಇದ್ದರು ಅಂತ ಮಕ್ಕಳಿಗೆ ತಿಳಿಯಲಿ.

ನಿನ್ನ ಶಾಲೆಯನ್ನು ನಾನು ಕಂಡವಳಲ್ಲ. ಇಲ್ಲಿ ಕೂತು ಹೀಗೆ ಮಾಡು ಹಾಗೆ ಮಾಡು ಅನ್ನುವುದು ಸರಿಯೋ ತಪ್ಪೋ. ಒಂದು ಮಾತ್ರ ಕೇಳಿಕೊಳ್ಳುತ್ತೇನೆ. ಆ ಹುಡುಗಿಯನ್ನು ಎಬ್ಬಿಸಿ 'ನಿಮ್ಮಲ್ಲಿ ಹೇಗೆ, ಹೇಳಮ್ಮ' ಅನ್ನಬೇಡ. ಒಂಬತ್ತು ವರ್ಷದ ಮಗು ಅದು. ಸಾವಿರ ವರ್ಷದ ಹಿಂದಿನ ಊರಿಗೆಲ್ಲ ಅವಳು ಯಾಕೆ ಉತ್ತರ ಕೊಡಬೇಕು? ತಾನಾಗಿ ಕೈ ಎತ್ತಿದರೆ ಬೇರೆ ಮಾತು.

ಇಷ್ಟಾದರೂ ಎಲ್ಲರೂ ತಿರುಗಿ ನೋಡಬಹುದು. ಆಗ ಸುಮ್ಮನಿರಬೇಡ, ಏನಾದರೂ ಮಾತಾಡು. ನಾನು ಸುಮ್ಮನಿದ್ದೆ.

ಆ ಹುಡುಗ ಎಷ್ಟೋ ವರ್ಷದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ನನ್ನ ಚೀಲ ತಗೊಂಡು ಬಸ್ಸಿನವರೆಗೂ ಬಂದ, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟ. ಆ ದಿನ ನಿನಗೆ ನೆನಪಿದೆಯಾ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ.

ಪಾಠ ಆದ ದಿನವೇ ಕಾಗದ ಬರೆ. ಆ ಹುಡುಗಿ ಯಾವ ಬಾಗಿಲು ಬಿಡಿಸಿದಳು ಅಂತಲೂ ಬರೆ.

ನಿನ್ನ ಅತ್ತೆ